ಎತ್ತಿಗೆ ಜ್ವರ, ಕಾರ್ಬುರೇಟರಿಗೆ ಬರೆ

ಹಳೆಯ ಪೆಟ್ರೋಲ್ ಗಾಡಿ ದಾರಿಯಲ್ಲಿ ಕೆಮ್ಮಿ ನಿಂತರೆ ಗ್ಯಾರೇಜಿನಲ್ಲಿ ಸಿಗುವ ತೀರ್ಪು ಸಾಮಾನ್ಯವಾಗಿ ಒಂದೇ: "ಕಾರ್ಬುರೇಟರ್‌ನಲ್ಲಿ ಕಸ ಬಂದಿದೆ." ಪುಣೆಯಲ್ಲಾದರೆ ಕಸದ ಬದಲು ಕಚರಾ, ಹುಬ್ಬಳ್ಳಿಯಲ್ಲಾದರೆ "ಕಸ ಐತ್ರಿ", ಅಷ್ಟೇ ವ್ಯತ್ಯಾಸ. ಬಿಚ್ಚುತ್ತಾರೆ, ಪೆಟ್ರೋಲಿನಲ್ಲಿ ತೊಳೆಯುತ್ತಾರೆ, ಗಾಳಿ ಹೊಡೆದು ಮತ್ತೆ ಕೂರಿಸುತ್ತಾರೆ. ಗಾಡಿ ಹೊರಡುತ್ತದೆ. ನಾಲ್ಕು ದಿನಕ್ಕೆ ಮತ್ತೆ ನಿಲ್ಲುತ್ತದೆ. ಆಗ ಎರಡನೆಯ ತೀರ್ಪು: "ಕಾರ್ಬುರೇಟರ್ರೇ ಹೋಗಿದೆ, ಹೊಸದು ಹಾಕಿಸಿ."

ಈ ತೀರ್ಪು ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಪರೀಕ್ಷೆ ಮಾಡದೆ ಕೊಟ್ಟ ತೀರ್ಪು ಅದೃಷ್ಟಕ್ಕೆ ಸರಿಯಾಗಿಬಿಟ್ಟರೆ, ಅದನ್ನು ನ್ಯಾಯ ಎನ್ನಬಹುದೇ? ತಪ್ಪಾದರೆ ಅದು ಬರೀ ದಡ್ಡತನವೇ, ಅಥವಾ ಅದರಲ್ಲಿ ಅನ್ಯಾಯವೂ ಸೇರಿದೆಯೇ? ನಾನು ಎಂ.ಟೆಕ್‌ನಲ್ಲಿ ಓದಿದ್ದು ಇಂಜಿನ್‌ಗಳ ಬಗ್ಗೆ, ಅನ್ನ ಕೊಡುತ್ತಿರುವುದು ಸಾಫ್ಟ್‌ವೇರ್ ಪ್ರಾಜೆಕ್ಟುಗಳು. ಎರಡೂ ಕಡೆ ಇದೇ ಪ್ರಶ್ನೆ ಎದುರಾಗಿದೆ. ಇಂಜಿನ್ನಿನಲ್ಲಿ ಅದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ನಮಗೆಲ್ಲ ಪರಿಚಯದ ಗಾಡಿಯನ್ನೇ ತೆಗೆದುಕೊಳ್ಳೋಣ. ಸುಜುಕಿಯವರು ಜಪಾನಿನಲ್ಲಿ 1961ರಿಂದ ಕ್ಯಾರಿ ಎಂಬ ಮಿನಿ ಟ್ರಕ್ಕುಗಳನ್ನು ಮಾಡುತ್ತಾ ಬಂದಿದ್ದಾರೆ. ಅದೇ ಮನೆತನದ ವ್ಯಾನೊಂದು 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ನಮ್ಮಲ್ಲಿಗೆ ಬಂತು, ಮುಂದೆ ಓಮ್ನಿ ಆಯಿತು, 2019ರವರೆಗೆ ತಯಾರಾಯಿತು. 796 ಸಿಸಿಯ, 3 ಸಿಲಿಂಡರಿನ ಇಂಜಿನ್ ಮುಂದಿನ ಸೀಟಿನ ಕೆಳಗೆ ಕೂತಿರುತ್ತದೆ. ಹಿಂದಿನ ಸೀಟು ಕಳಚಿದರೆ ಅದೂ ಮಿನಿ ಟ್ರಕ್ಕೇ. ಹಾಲಿನ ಕ್ರೇಟು, ತರಕಾರಿ ಮೂಟೆ, ಶಾಮಿಯಾನದ ಕಂಬ, ಏನನ್ನು ತುಂಬಿದರೂ ಹೊತ್ತಿದೆ. ಕಾರ್ಬುರೇಟರ್ ಕಾಲದ ಓಮ್ನಿಗಳು ಇವತ್ತಿಗೂ ಊರಿನ ಅಂಚುಗಳಲ್ಲಿ ದುಡಿಯುತ್ತಿವೆ.

ಅದರಲ್ಲಿ ಪೆಟ್ರೋಲ್ ನಡೆಯುವ ದಾರಿ ಹೀಗಿದೆ. ಟ್ಯಾಂಕಿನ ತಳದ ಜಾಲರಿಯಿಂದ ಹೊರಟು, ಲೋಹದ ಕೊಳವೆ ಮತ್ತು ರಬ್ಬರ್ ಪೈಪುಗಳಲ್ಲಿ ಸಾಗಿ, ಫಿಲ್ಟರ್ ದಾಟಿ, ಪಂಪಿಗೆ ಬರುತ್ತದೆ. ಪಂಪಿನೊಳಗೆ ರಬ್ಬರಿನಂಥದೊಂದು ಪೊರೆ. ಇಂಜಿನ್ ತಿರುಗಿದಂತೆ ಅದು ಮೇಲೆ ಕೆಳಗೆ ಆಡುತ್ತ ಪೆಟ್ರೋಲನ್ನು ಹಿಂದಿನಿಂದ ಎಳೆದು ಮುಂದಕ್ಕೆ ತಳ್ಳುತ್ತದೆ. ಅಲ್ಲಿಂದ ಕಾರ್ಬುರೇಟರಿನ ಸಣ್ಣ ತೊಟ್ಟಿಗೆ. ತೊಟ್ಟಿಯಲ್ಲಿ ತೇಲುವ ಫ್ಲೋಟು ಮೇಲೆದ್ದಾಗ ಸೂಜಿಯಂಥ ಕವಾಟ ಮುಚ್ಚುತ್ತದೆ, ಇಳಿದಾಗ ತೆರೆಯುತ್ತದೆ. ಮನೆಯ ನೀರಿನ ಟ್ಯಾಂಕಿನ ಬಾಲ್ ಕಾಕಿನ ಹಾಗೆಯೇ. ತೊಟ್ಟಿಯಿಂದ ಜೆಟ್ ಎಂಬ ಕೂದಲೆಳೆಯಂಥ ರಂಧ್ರಗಳ ಮೂಲಕ ಗಾಳಿಯ ಓಟಕ್ಕೆ ಸಿಕ್ಕಿ, ಮಂಜಾಗಿ ಇಂಜಿನ್ನಿಗೆ ಹೋಗುತ್ತದೆ. ಪೂರ್ತಿ ಉರಿಯಲು 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಲೆಕ್ಕ ಇಡುವುದೇ ಕಾರ್ಬುರೇಟರಿನ ಕೆಲಸ.

ಈ ಸಾಲಿನಲ್ಲಿ ಅದು ಕೊನೆಯದು. ಜಾಲರಿ ಕಟ್ಟಿಕೊಂಡಿರಲಿ, ರಬ್ಬರ್ ಪೈಪು ಬಿರಿದು ಪೆಟ್ರೋಲಿನ ಜೊತೆ ಗಾಳಿ ಎಳೆಯುತ್ತಿರಲಿ, ಫಿಲ್ಟರ್ ತುಂಬಿರಲಿ, ಪಂಪಿನ ಪೊರೆ ಸೋತಿರಲಿ, ಇಂಜಿನ್ನಿಗೆ ಗೊತ್ತಾಗುವುದು ಒಂದೇ ಸಂಗತಿ: ಕಾರ್ಬುರೇಟರಿನಿಂದ ಪೆಟ್ರೋಲ್ ಬರುತ್ತಿಲ್ಲ. ಮೇಲಿನವರ ಲೋಪವೆಲ್ಲ ಕೊನೆಯವನ ಕೈಯಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನು, ಸೀಟು ಎತ್ತಿದರೆ ಮೊದಲು ಕೈಗೆ ಸಿಗುವುದು ಅದೇ. ಬಿಚ್ಚಲು ಬರುತ್ತದೆ, ತೊಳೆಯಲು ಬರುತ್ತದೆ, ಅಂಗಡಿಯಲ್ಲಿ ಹೊಸದು ಸಿಗುತ್ತದೆ. ತೊಳೆದರೆ ಒಂದಿಷ್ಟು ಕಸ ಬಂದೇ ಬರುತ್ತದೆ. 20 ವರ್ಷದ ಗಾಡಿಯಲ್ಲಿ ಕಸ ಇಲ್ಲದ ಜಾಗ ಯಾವುದು? ಸಿಕ್ಕ ಕಸವೇ ಸಾಕ್ಷಿ ಆಗಿಬಿಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯಲ್ಲಿ ಎಮ್ಮೆಯನ್ನೇ ಯಾಕೆ ಆರಿಸಿದರು? ಬಹುಶಃ ಅದು ಹತ್ತಿರದಲ್ಲಿ ಕಟ್ಟಿಹಾಕಿತ್ತು.

ಪರೀಕ್ಷೆ ಮಾಡುವುದು ಕಷ್ಟವಾಗಿದ್ದರೆ ಈ ಅವಸರಕ್ಕೆ ಒಂದು ನೆಪ ಇರುತ್ತಿತ್ತು. ಹಾಗೇನಿಲ್ಲ. ಖಾಲಿ ನಿಂತಾಗ ನಡುಗಿ, ವೇಗದಲ್ಲಿ ಸರಿಯಾಗಿ ಓಡಿದರೆ ಐಡ್ಲಿಂಗಿನ ಸಣ್ಣ ಜೆಟ್ಟನ್ನೋ, ಎಲ್ಲೋ ಅಡ್ಡದಾರಿಯಿಂದ ಒಳನುಗ್ಗುವ ಗಾಳಿಯನ್ನೋ ನೋಡಬೇಕು. ಖಾಲಿಯಲ್ಲಿ ಚೆನ್ನಾಗಿದ್ದು ಏರಿನಲ್ಲಿ ಉಸಿರು ಕಟ್ಟಿದರೆ ಪೆಟ್ರೋಲ್ ಸಾಲುತ್ತಿಲ್ಲ, ದಾರಿಯಲ್ಲಿ ಹಿಂದಕ್ಕೆ ಹೋಗಬೇಕು. ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮಸಿ ಹಿಡಿದ ಪ್ಲಗ್ ಕಂಡರೆ ಪೆಟ್ರೋಲ್ ಹೆಚ್ಚಾಗಿದೆ: ಫ್ಲೋಟು, ಸೂಜಿ ಕವಾಟ, ಅಂಟಿಕೊಂಡ ಚೋಕ್. ಪ್ಲಗ್ಗಿನ ತುದಿ ಬಿಳಿಚಿದ್ದರೆ ಪೆಟ್ರೋಲ್ ಕಡಿಮೆ. ಪಂಪಿನ ಮೇಲೆ ಸಂಶಯವಿದ್ದರೆ ಪ್ಲಗ್ಗುಗಳಿಗೆ ಕಿಡಿ ಹೋಗದಂತೆ ಮಾಡಿ, ಕಾರ್ಬುರೇಟರಿಗೆ ಬರುವ ಪೈಪನ್ನು ಬಾಟಲಿಗಿಳಿಸಿ, ಇಂಜಿನ್ ತಿರುಗಿಸಿದರೆ ಗೊತ್ತಾಗುತ್ತದೆ. ಚಿಮ್ಮಿ ಚಿಮ್ಮಿ ಬಂದರೆ ಅಲ್ಲಿಯವರೆಗಿನ ದಾರಿ ಸರಿಯಿದೆ, ಬರದಿದ್ದರೆ ಕಾರ್ಬುರೇಟರ್ ನಿರಪರಾಧಿ. ಐದು ನಿಮಿಷದ ಕೆಲಸ. ಒಂದೊಂದು ಪರೀಕ್ಷೆಯೂ ಅರ್ಧದಷ್ಟು ಆರೋಪಿಗಳನ್ನು ಬಿಡುಗಡೆ ಮಾಡುತ್ತದೆ.

ನಮ್ಮ ಬಡಾವಣೆಯ ಹತ್ತಿರ ವಿಜಯಪುರ ಜಿಲ್ಲೆಯ ದಂಪತಿ ಜೋಳದ ರೊಟ್ಟಿಯ ವ್ಯವಹಾರ ನಡೆಸುತ್ತಾರೆ. ಕಾಕಿ ನಾಲ್ಕೈದು ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ಬಡಿಸುತ್ತಾರೆ. ಕಾಕಾ ಹಳೆಯ ಓಮ್ನಿಯಲ್ಲಿ ಅವನ್ನು ಮೆಸ್ಸುಗಳಿಗೂ, ಕಾತ್ರಜ್ ಘಾಟ್ ದಾಟಿ ಖೇಡ್ ಶಿವಾಪುರ ಕಡೆಯ ಕ್ಯಾಂಟೀನುಗಳಿಗೂ ತಲುಪಿಸುತ್ತಾರೆ. ಗಾಡಿ ಘಾಟಿನ ಏರಿನಲ್ಲಿ ನಿಲ್ಲಲು ಶುರುವಾಯಿತು. ಹತ್ತು ನಿಮಿಷ ಬಿಟ್ಟರೆ ತಾನೇ ಹೊರಡುತ್ತಿತ್ತು. ಕಾರ್ಬುರೇಟರನ್ನು ಎರಡು ಸಲ ತೊಳೆಸಿದರು, ಸಲಕ್ಕೆ 600 ರೂಪಾಯಿ. ಆಮೇಲೆ ಹೊಸದಕ್ಕೆ 7,000 ಎಂದರು. "ಗಾಡೀನ ಮಾರಿದ್ರೂ ಅಷ್ಟು ರೊಕ್ಕ ಬರೂದಿಲ್ರೀ ಸರ್, ಮೂಗಿಗಿಂತ ಮೂಗುತಿ ಭಾರ ಆಗೇತಿ" ಎಂದು ಕಾಕಾ ನಕ್ಕರು. ಆದರೆ ತಡವಾಗಿ ತಲುಪಿದ ಒಂದು ದಿನ ಕ್ಯಾಂಟೀನಿನವರು ಡಬ್ಬ ವಾಪಸು ಕಳಿಸಿದ್ದರು. ಆ ದಿನದ ರೊಟ್ಟಿಯ ಲೆಕ್ಕ ನಗುವಂಥದ್ದಾಗಿರಲಿಲ್ಲ.

ಕಾಕಾಗೆ ಇನ್ನೊಂದು ಸಂಶಯವೂ ಇತ್ತು. ಫುಲ್ ಟ್ಯಾಂಕ್ ಹಾಕಿಸಿದ ದಿನವೇ ಗಾಡಿ ಬೇಗ ನಿಲ್ಲುತ್ತಿತ್ತು. ಅಂದಮೇಲೆ ಬಂಕಿನವರು ಪೆಟ್ರೋಲಿಗೆ ಏನೋ ಬೆರೆಸುತ್ತಿದ್ದಾರೆ. ಕಾರ್ಬುರೇಟರಿನ ನಂತರ ಎರಡನೆಯ ಆರೋಪಿ ಸಿಕ್ಕಿದ್ದ.

ಒಂದು ಭಾನುವಾರ ನಾನೂ ಜೊತೆಗಿದ್ದೆ. ಕಾತ್ರಜ್ ಬಳಿಯ ವಯಸ್ಸಾದ ಮಿಸ್ತ್ರಿಯೊಬ್ಬರು ಸ್ಪ್ಯಾನರ್ ಮುಟ್ಟುವ ಮೊದಲು ಎರಡು ಪ್ರಶ್ನೆ ಕೇಳಿದರು. ಯಾವಾಗಿನಿಂದ ಹೀಗೆ? ಅದಕ್ಕೂ ಸ್ವಲ್ಪ ಮುಂಚೆ ಗಾಡಿಯಲ್ಲಿ ಏನು ಬದಲಾಯಿತು? ಕಾಕಾ ಏನೂ ಇಲ್ಲ ಎಂದರು. ಊರಿನಿಂದ ಬಂದು ಅವರ ಜೊತೆ ಕೆಲಸಕ್ಕಿದ್ದ ಹುಡುಗ ತಲೆ ತಗ್ಗಿಸಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಕಳೆದಿತ್ತು, ಬೇರೆ ತಂದು ಹಾಕಿದ್ದೆ ಎಂದ. ಮಿಸ್ತ್ರಿ ಗಾಡಿಯನ್ನು ಏರಿಗೆ ಒಯ್ದರು. ಅದು ಎಂದಿನಂತೆ ನಿಂತಿತು. ಮುಚ್ಚಳ ತಿರುಗಿಸಿದರು. ಸುಯ್ ಎಂದು ಗಾಳಿ ಒಳಗೆ ನುಗ್ಗಿತು. ಕೀಲಿ ತಿರುಗಿಸಿದರೆ ಪಂಪು ಒಂದಿಷ್ಟು ಎಳೆದು ಗಾಡಿ ಹೊರಟಿತು. ಮುಚ್ಚಳ ಸಡಿಲ ಬಿಟ್ಟು ಏರಿಸಿದರೆ ನಿಲ್ಲಲೇ ಇಲ್ಲ. ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಅವರು ಗಾಡಿ ಕೆಳಗಿಳಿಸಿ, ಮುಚ್ಚಳ ಮತ್ತೆ ಬಿಗಿ ಮಾಡಿ, ಮತ್ತೊಮ್ಮೆ ಏರಿಸಿ, ಅದು ನಿಲ್ಲುವುದನ್ನು ನೋಡಿಯೇ ಸರಿ ಎಂದರು.

ಆಗಿದ್ದು ಇಷ್ಟು. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಂತೆ ಅದರ ಜಾಗಕ್ಕೆ ಗಾಳಿ ಬರಬೇಕು. ಅದಕ್ಕಾಗಿ ಮೂಲ ಮುಚ್ಚಳದಲ್ಲಿ ಸಣ್ಣ ಕವಾಟ ಇರುತ್ತದೆ. ಹೊಸ ಮುಚ್ಚಳದಲ್ಲಿ ಅದಿರಲಿಲ್ಲ. ಒಳಗಿನ ಒತ್ತಡ ಇಳಿಯುತ್ತ ಹೋಗಿ, ಕೊನೆಗೆ ಪಂಪು ಎಳೆದರೂ ಪೆಟ್ರೋಲ್ ಬಾರದಂತಾಗುತ್ತಿತ್ತು. ಟ್ಯಾಂಕು ತುಂಬಿದ್ದಷ್ಟೂ ಒಳಗೆ ಗಾಳಿಯ ಜಾಗ ಕಡಿಮೆ, ಆದ್ದರಿಂದ ಒತ್ತಡ ಬೇಗ ಇಳಿಯುತ್ತಿತ್ತು. ಹತ್ತು ನಿಮಿಷ ನಿಲ್ಲಿಸಿದರೆ ಸಂದುಗಳಿಂದ ಗಾಳಿ ಜಿನುಗಿ ಒಳಗೆ ಸೇರುತ್ತಿತ್ತು. ಬಂಕಿನವರ ಪೆಟ್ರೋಲ್ ಶುದ್ಧವಾಗಿತ್ತು ಎಂದು ಇದರಿಂದ ಸಾಬೀತಾಗುವುದಿಲ್ಲ. ಅವರ ಮೇಲೆ ಈ ಆರೋಪ ನಿಲ್ಲುವುದಿಲ್ಲ, ಅಷ್ಟೇ.

ಹಾಗಾದರೆ ಎರಡು ಸಲ ತೊಳೆದಾಗ ಗಾಡಿ ಸರಿಹೋಗಿದ್ದು ಹೇಗೆ? ತೊಳೆಯಲು ಬೇಕಾದ ಪೆಟ್ರೋಲನ್ನು ಮುಚ್ಚಳ ತೆಗೆದು ಟ್ಯಾಂಕಿನಿಂದಲೇ ಎಳೆದಿದ್ದರು, ಆಮೇಲೆ ಓಡಿಸಿ ನೋಡಿದ್ದು ಸಮತಟ್ಟಾದ ಊರಿನ ರಸ್ತೆಯಲ್ಲಿ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ನಮ್ಮ ತರ್ಕಶಾಸ್ತ್ರದವರು ಇದಕ್ಕೆ ಕಾಕತಾಳೀಯ ಎಂದು ಹೆಸರಿಟ್ಟರು. ಅದರಿಂದ ಪಾರಾಗಲು ಅವರೇ ಹೇಳಿದ ದಾರಿ ಅನ್ವಯ ಮತ್ತು ವ್ಯತಿರೇಕ. ಅದಿದ್ದಾಗ ಇದೂ ಇರಬೇಕು, ಅದಿಲ್ಲದಾಗ ಇದೂ ಇರಬಾರದು. ಎರಡೂ ಕಡೆಯಿಂದ ನೋಡಿದ ಮೇಲೆಯೇ ಅದನ್ನು ಕಾರಣ ಎನ್ನಬಹುದು. ಮಿಸ್ತ್ರಿ ಸರಿಯಾದ ಗಾಡಿಯನ್ನು ಬೇಕೆಂದೇ ಮತ್ತೆ ಕೆಡಿಸಿದ್ದು ಈ ವ್ಯತಿರೇಕಕ್ಕಾಗಿ. ಅವರು ಆ ಪದ ಕೇಳಿದ್ದಾರೋ ಇಲ್ಲವೋ, ಆ ಶಿಸ್ತು ಅವರ ಕೈಯಲ್ಲಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದು ರಿಪೇರಿಯ ಲೇಖನವಾಗುತ್ತಿತ್ತು. ಕಾಕಾ ಹುಡುಗನ ಕಡೆ ತಿರುಗಿ "ಎಲ್ಲಾ ಖರ್ಚು ನಿನ್ನ ಪಗಾರದಾಗ ಹಿಡೀತೇನಿ ನೋಡು" ಎಂದರು. ಹೊಸ ಮುಚ್ಚಳದಿಂದ ಗಾಡಿ ನಿಂತಿದ್ದು ನಿಜ, ಅದನ್ನು ತಂದವನು ಹುಡುಗ ಎಂಬುದೂ ನಿಜ. ಹಾಗಾದರೆ ತಪ್ಪು ಹುಡುಗನದೇ?

ನಾವು ದಿನವೂ ಕಲಸಿಬಿಡುವ ಮೂರು ಮಾತುಗಳಿವೆ: ಕಾರಣ, ತಪ್ಪು, ಹೊಣೆ. ಗಾಡಿ ನಿಂತಿದ್ದಕ್ಕೆ ಕಾರಣ ಮುಚ್ಚಳ. ತಪ್ಪು ಎನ್ನಬೇಕಾದರೆ, ತಿಳಿದಿರಬೇಕಾದುದನ್ನು ತಿಳಿಯದೆ ಮಾಡಿರಬೇಕು, ಅಥವಾ ತಿಳಿದೂ ಮಾಡಿರಬೇಕು. 19 ವರ್ಷದ ಹುಡುಗ, ಅಂಗಡಿಯವನು ಇದೇ ಮಾಡೆಲ್ಲಿಗೆ ಬರುತ್ತದೆ ಎಂದು ಕೊಟ್ಟ, ಸರಿಯಾಗಿ ಕೂತ ಮುಚ್ಚಳದೊಳಗೆ ಕವಾಟ ಇರಬೇಕಿತ್ತು ಎಂದು ಹೇಗೆ ತಿಳಿಯಬೇಕು? ಮುಚ್ಚಳ ಕಳೆದಿದ್ದು ಅಜಾಗ್ರತೆ ಎನ್ನೋಣ. ಅದರ ಬೆಲೆ ಒಂದು ಮುಚ್ಚಳದ ಬೆಲೆ. ಎರಡು ಸಲದ 1,200 ರೂಪಾಯಿ, ವಾಪಸಾದ ರೊಟ್ಟಿ, ಇವೆಲ್ಲ ಮುಚ್ಚಳದಿಂದ ಹುಟ್ಟಿದವೇ, ಆದರೆ ಬೆಳೆದದ್ದು ಪರೀಕ್ಷೆ ಮಾಡದ ತೀರ್ಪಿನಿಂದ. ಆ ಭಾಗದ ಹೊಣೆ ತೀರ್ಪು ಕೊಟ್ಟವನದು. ಅವನು ತಪ್ಪಾಗಿ ಊಹಿಸಿದ ಎಂಬುದಕ್ಕಲ್ಲ. ಊಹೆ ತಪ್ಪುವುದು ಯಾರಿಗೂ ತಪ್ಪಿದ್ದಲ್ಲ. ಊಹೆಯನ್ನು ಜ್ಞಾನದ ಬೆಲೆಗೆ ಮಾರಿದ್ದಕ್ಕೆ. "ಇದು ನನ್ನ ಅಂದಾಜು, ತೊಳೆದು ನೋಡೋಣ, ಸರಿಹೋಗದಿದ್ದರೆ ಬೇರೆ ಕಡೆ ಹುಡುಕಬೇಕು" ಎಂದಿದ್ದರೆ ಅದೇ ಕೆಲಸ, ಅದೇ 600 ರೂಪಾಯಿ ಪ್ರಾಮಾಣಿಕವಾಗುತ್ತಿತ್ತು. ಆಗ ಕಾಕಾ ಏನನ್ನು ಕೊಳ್ಳುತ್ತಿದ್ದೇನೆಂದು ತಿಳಿದು ಕೊಳ್ಳುತ್ತಿದ್ದರು.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಪರೀಕ್ಷೆಗೂ ಬೆಲೆ ಇದೆ. ದಿನದ ದುಡಿಮೆಯ ಗಾಡಿ ಅರ್ಧ ದಿನ ನಿಂತರೆ ಅರ್ಧ ದಿನದ ಅನ್ನ ಹೋಯಿತು. ಐವತ್ತು ಗಾಡಿಗಳಲ್ಲಿ ನಲವತ್ತಕ್ಕೆ ತೊಳೆದರೆ ಸಾಕಾಗುವುದಾದರೆ ಎಲ್ಲವನ್ನೂ ತೊಳೆಯುವುದೇ ಅನುಭವಸ್ಥನ ಬುದ್ಧಿವಂತಿಕೆ ಅಲ್ಲವೇ? ಡಾಕ್ಟರುಗಳೂ ಕೆಲವೊಮ್ಮೆ ಲ್ಯಾಬ್ ರಿಪೋರ್ಟಿಗೆ ಕಾಯದೆ ಔಷಧಿ ಶುರು ಮಾಡುತ್ತಾರೆ. ಒಪ್ಪುತ್ತೇನೆ. ಊಹೆಗೆ ಬದುಕಿನಲ್ಲಿ ನ್ಯಾಯವಾದ ಜಾಗ ಇದೆ. ಆದರೆ ಅದಕ್ಕೆ ಷರತ್ತುಗಳೂ ಇವೆ. ಮಾಡಿದ್ದನ್ನು ಹಿಂತೆಗೆಯಲು ಬರಬೇಕು. ಖರ್ಚು ಹೊರುವವನಿಗೆ ಅದು ಊಹೆ ಎಂದು ಗೊತ್ತಿರಬೇಕು. ಫಲ ಏನಾಯಿತೆಂದು ಊಹಿಸಿದವನು ತಿರುಗಿ ನೋಡಬೇಕು. ಒಳ್ಳೆಯ ಡಾಕ್ಟರು ರಿಪೋರ್ಟ್ ಬಂದ ಮೇಲೆ ಔಷಧಿ ಬದಲಿಸುತ್ತಾರೆ. ಅದೇ ಗಾಡಿ ಎರಡನೆಯ ಸಲ ಬಂದಾಗಲೂ ಅದೇ ಊಹೆಯನ್ನೇ ಮಾರಿದರೆ ಅದನ್ನು ಅನುಭವ ಎನ್ನಲಾಗದು.

ಮೊದಲನೆಯ ಷರತ್ತು ಎಲ್ಲಕ್ಕಿಂತ ಮುಖ್ಯ. ಕಾರ್ಬುರೇಟರನ್ನು ಬಿಚ್ಚಿದರೆ ಮತ್ತೆ ಕೂರಿಸಬಹುದು. ಮನುಷ್ಯನ ಮೇಲೆ ಕೂರಿಸಿದ ಗೂಬೆಯನ್ನು ಇಳಿಸುವುದು ಹಾಗಲ್ಲ. ನಮ್ಮ ಉದ್ಯೋಗದಲ್ಲಿ ಇದನ್ನು ನೋಡದವರು ಕಡಿಮೆ. ರಾತ್ರಿ ಸರ್ವರ್ ಬೀಳುತ್ತದೆ. ಕಾಲ್‌ನಲ್ಲಿ ಇಪ್ಪತ್ತು ಜನ. ಕೊನೆಯ ಬದಲಾವಣೆ ಮಾಡಿದವರು ಯಾರು ಎಂಬ ಪ್ರಶ್ನೆಗೆ ಒಂದು ಹೆಸರು ಬರುತ್ತದೆ, ಬಹುಪಾಲು ತಂಡದ ಅತಿ ಕಿರಿಯನದು, ಅಥವಾ ಕಾಂಟ್ರ್ಯಾಕ್ಟಿನ ಮೇಲೆ ಇರುವವನದು. ಕೊನೆಯ ಬದಲಾವಣೆ ಯಾವುದು ಎಂದು ಕೇಳಿದ್ದರೆ ಅದು ಮಿಸ್ತ್ರಿಯ ಪ್ರಶ್ನೆಯಾಗುತ್ತಿತ್ತು. ಯಾವುದು ಎಂಬುದು ಯಾರು ಎಂದಾಗುವಷ್ಟರಲ್ಲಿ ಹುಡುಕಾಟ ವಿಚಾರಣೆಯಾಗಿರುತ್ತದೆ. ವಾರದ ನಂತರ ಕಾರಣ ಬೇರೆ ಕಡೆ ಸಿಗಬಹುದು, ವರದಿಯೂ ತಿದ್ದುಪಡಿಯಾಗಬಹುದು. ಆ ರಾತ್ರಿ ಇಪ್ಪತ್ತು ಜನರ ಕಿವಿಗೆ ಬಿದ್ದ ಹೆಸರನ್ನು ಯಾವ ವರದಿ ತಿದ್ದುತ್ತದೆ? ಬದಲಾಯಿಸಲು ಯಾವುದು ಸುಲಭವೋ ಅದು ಅಪರಾಧಿಯಾಗಿ ಕಾಣತೊಡಗುತ್ತದೆ. ಇದು ಬಿಡಿಭಾಗಕ್ಕೂ ನಿಜ, ಮನುಷ್ಯರಿಗೂ ನಿಜ.

ಊರು ಬಿಟ್ಟು ಬಂದ ನಮಗೆ ಇದರ ಇನ್ನೊಂದು ಮುಖವೂ ಗೊತ್ತು. ನಗರದಲ್ಲಿ ಬಾಡಿಗೆ ಏರಿದರೆ, ನಲ್ಲಿಯಲ್ಲಿ ನೀರು ನಿಂತರೆ, ರಸ್ತೆ ಕಟ್ಟಿಕೊಂಡರೆ, ಸಿದ್ಧವಾಗಿರುವ ಉತ್ತರ "ಹೊರಗಿನವರು". ಪುಣೆಯಲ್ಲಿ, ಮುಂಬೈಯಲ್ಲಿ ಆ ಹೊರಗಿನವರು ನಾವು. ಬೆಂಗಳೂರಿನಲ್ಲಿರುವ ನಮ್ಮ ಅಣ್ಣತಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಅದೇ ವಾಕ್ಯ ಬೇರೆಯವರ ಬಗ್ಗೆ ಬಂದಾಗ ನಾವು ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತೇವೆ. ಹೊರಗಿನಿಂದ ಜನ ಬರುವುದು ನಗರದ ಮೇಲೆ ಭಾರ ಹಾಕುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಭಾರ ಹಾಕುವುದು ಕಾರಣಗಳಲ್ಲಿ ಒಂದಿರಬಹುದು. ಬಂದು ಬಾಡಿಗೆ ಕೊಟ್ಟು, ದುಡಿದು ಬದುಕುವುದು ತಪ್ಪಲ್ಲ. ಪೈಪು ಹಾಕುವ, ಕೆರೆ ಉಳಿಸುವ ಹೊಣೆ ಯಾರದು ಎಂಬುದು ಇನ್ನೊಂದೇ ಪ್ರಶ್ನೆ. ಮೂರನ್ನೂ ಒಂದೇ ಮಾತಿನಲ್ಲಿ ಹೇಳಿದಾಗ ಹೊಣೆ ಇರುವವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ.

ಯಾರದೂ ತಪ್ಪಿಲ್ಲದ ಸಂದರ್ಭವೂ ಇದೆ, ಅದು ಇನ್ನೂ ಕಷ್ಟದ್ದು. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಗುರಿ ಮೊದಲು 2030ಕ್ಕಿತ್ತು, ಸರ್ಕಾರ ಅದನ್ನು 2025–26ಕ್ಕೆ ಎಳೆದುಕೊಂಡಿತು. ಆಮದು ತಗ್ಗಲಿ, ಕಬ್ಬು ಬೆಳೆಯುವವರಿಗೂ ಅನುಕೂಲವಾಗಲಿ ಎಂಬ ಉದ್ದೇಶ ಕೆಟ್ಟದ್ದಲ್ಲ. ಈಚಿನ ಇಂಜಿನ್‌ಗಳಲ್ಲಿ ಸೆನ್ಸರ್ ಇದೆ, ಮಿಶ್ರಣ ತಾನೇ ಹೊಂದಿಸಿಕೊಳ್ಳುತ್ತದೆ. ಕಾರ್ಬುರೇಟರಿನ ಜೆಟ್ಟಿಗೆ ಕಣ್ಣಿಲ್ಲ. ಅದರ ರಂಧ್ರ ಕೊರೆದದ್ದು ಬೇರೆ ಪೆಟ್ರೋಲಿನ ಲೆಕ್ಕಕ್ಕೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ ಮಿಶ್ರಣ ತೆಳ್ಳಗಾಗುತ್ತದೆ. ಹಳೆಯ ಬಗೆಯ ರಬ್ಬರ್ ಪೈಪು, ಪಂಪಿನ ಪೊರೆ ಎಥನಾಲಿಗೆ ಉಬ್ಬಬಹುದು, ಬಿರಿಯಬಹುದು. ಎಥನಾಲು ನೀರನ್ನೂ ಹೀರಿಕೊಳ್ಳುತ್ತದೆ. 25 ವರ್ಷದ ಹಿಂದೆ ಆ ಪೈಪು ಮಾಡಿದವನು ತಪ್ಪು ಮಾಡಲಿಲ್ಲ. ಗಾಡಿ ಇಟ್ಟುಕೊಂಡವನೂ ಮಾಡಲಿಲ್ಲ. ಎಲ್ಲರ ಒಳಿತಿಗೆಂದು ಲೋಕ ಬದಲಾಯಿತು. ಅದರ ಬಿಲ್ಲು ಮಾತ್ರ ಹೊಸ ಗಾಡಿ ಕೊಳ್ಳಲಾಗದವನ ಕೈಗೆ ಬಂತು.

ಇಲ್ಲಿ ತಪ್ಪಿತಸ್ಥನನ್ನು ಹುಡುಕುವುದು ವ್ಯರ್ಥ. ತಪ್ಪಿಲ್ಲ ಎಂದಮೇಲೆ ಹೊಣೆಯೂ ಇಲ್ಲ ಎಂದು ಕೈತೊಳೆದುಕೊಳ್ಳುವುದು ಅದಕ್ಕಿಂತ ಕೆಟ್ಟದ್ದು. ಬದಲಾವಣೆಯ ಲಾಭ ಹಂಚಿಕೊಂಡವರು ಅದರ ಖರ್ಚಿನಲ್ಲೂ ಪಾಲು ತೆಗೆದುಕೊಳ್ಳಬೇಕು ಎಂದು ನನಗೆ ಅನ್ನಿಸುತ್ತದೆ. ಅದು ಬಂಕಿನಲ್ಲಿ ಹಳೆಯ ಗಾಡಿಗೆ ತಕ್ಕ ಪೆಟ್ರೋಲ್ ಇಡುವುದಾಗಿರಬಹುದು, ಪೈಪು ಪೊರೆ ಬದಲಿಸಲು ನೆರವಾಗಿರಬಹುದು. ಕೊನೆಯ ಪಕ್ಷ, ಗಾಡಿ ನಿಂತಾಗ ಅವನನ್ನು ಸರಿಯಾಗಿ ನೋಡಿಕೊಳ್ಳದವನು ಎಂದು ಬಯ್ಯದಿರುವುದು. ಹಾಗೆ ಬಯ್ಯುವುದೂ ಒಂದು ತೀರ್ಪೇ, ಅದನ್ನೂ ಪರೀಕ್ಷೆಯಿಲ್ಲದೆ ಕೊಟ್ಟಿರುತ್ತೇವೆ.

ಹುಡುಗನ ಪಗಾರವನ್ನು ಕಾಕಾ ಹಿಡಿಯಲಿಲ್ಲ. ಕವಾಟವಿರುವ ಮುಚ್ಚಳವನ್ನು ಅವನ ಕೈಯಿಂದಲೇ ತರಿಸಿ ಹಾಕಿಸಿದರು ಎಂದು ಆಮೇಲೆ ತಿಳಿಯಿತು. ಅವರು ತತ್ವ ಯೋಚಿಸಿ ಹಾಗೆ ಮಾಡಿದರೋ, ಕಾಕಿ ಹೇಳಿದ್ದಕ್ಕೆ ಮಾಡಿದರೋ ಕೇಳಲಿಲ್ಲ. ನಮಗೆ, ಅಂದರೆ ದಿನಕ್ಕೆ ಹತ್ತು ಮೇಲ್ ಬರೆದು ಅದರಲ್ಲಿ ಒಂದೆರಡರಲ್ಲಾದರೂ ಯಾರದೋ ಹೆಸರನ್ನು ಕಾರಣದ ಜಾಗದಲ್ಲಿ ಕೂರಿಸುವವರಿಗೆ, ಅಷ್ಟು ಸಲೀಸಾಗಿ ಹಿಂದೆ ಸರಿಯಲು ಆಗುವುದಿಲ್ಲ. ಕಳಿಸಿದ ಮೇಲ್ ಕಳಿಸಿದ್ದೇ. ಆದ್ದರಿಂದ ಹೆಸರು ಟೈಪ್ ಮಾಡುವ ಮುಂಚೆ, ಅವನಿಗಿಂತ ಹಿಂದಿನ ದಾರಿಯಲ್ಲಿ ಏನೇನಿದೆ ಎಂದು ಒಮ್ಮೆ ನಡೆದು ನೋಡುವ ಸಾಲ ನಮ್ಮ ಮೇಲಿದೆ.